ಕಾರಿಲ್ಲದೆ ಇರಬಹುದಾ ಅಂತ ಕೇಳಿದ ತಂಗಿಗೆ

ನಿನ್ನ ಪ್ರಶ್ನೆ ಓದಿ ಮೊದಲು ನಗು ಬಂತು. ಆಮೇಲೆ ನಾವು ಅಮೆರಿಕಕ್ಕೆ ಬಂದ 2006 ನೆನಪಾಗಿ ನಗು ನಿಂತಿತು. ನಿನ್ನ ಯಜಮಾನರಿಗೆ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾದಲ್ಲಿ ಕೆಲಸ, ಗ್ರೇಟ್ ಅಮೆರಿಕ ಅನ್ನುವ ಮನರಂಜನಾ ಪಾರ್ಕಿನ ಹತ್ತಿರ ಆಫೀಸು. ಇನ್ನೆರಡು ತಿಂಗಳಲ್ಲಿ ಮೈಸೂರಿನಿಂದ ಹೊರಡುತ್ತೀರಿ. ಮಗಳಿಗೆ ನಾಲ್ಕು ವರ್ಷ. ನಿನಗೆ ಸ್ಕೂಟಿ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. "ಅಕ್ಕ, ಅಲ್ಲಿ ಕಾರಿಲ್ಲದಿದ್ದರೆ ಕೈಕಾಲೇ ಇಲ್ಲದ ಹಾಗೆ ಅಂತಾರೆ, ನಿಜಾನಾ? ಬಸ್ಸು, ರೈಲು ನಂಬಿಕೊಂಡು ಸಂಸಾರ ಮಾಡಕ್ಕಾಗಲ್ವಾ?" ಅಂತ ಕೇಳಿದ್ದೀಯ. ಅಕ್ಕ ಅಂದಿದ್ದೀಯಲ್ಲ, ಅದಕ್ಕೆ ನಾನೂ ಏಕವಚನದಲ್ಲೇ ಬರೆಯುತ್ತಿದ್ದೇನೆ.

ಆಗುತ್ತದೆ. ಆದರೆ ಯಾವ ಮನೆ ಹಿಡಿಯುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬಾಡಿಗೆ ಕರಾರಿಗೆ ಸಹಿ ಹಾಕಿದ ದಿನವೇ ಕಾರು ಬೇಕೋ ಬೇಡವೋ ಅನ್ನುವುದು ತೀರ್ಮಾನವಾಗಿಬಿಡುತ್ತದೆ. ಹೆಚ್ಚಿನವರು ಮೊದಲು ಮನೆ ನೋಡುತ್ತಾರೆ, ಬಾಡಿಗೆ ಕಡಿಮೆ, ಈಜುಕೊಳ ಇದೆ ಅಂತ ಖುಷಿಪಡುತ್ತಾರೆ, ಬಸ್ ಸ್ಟಾಪ್ ಎಲ್ಲಿ ಅಂತ ಆಮೇಲೆ ಹುಡುಕುತ್ತಾರೆ. ನಾವು ಮಾಡಿದ್ದೂ ಅದನ್ನೇ.

ನಮ್ಮ ಮೊದಲ ಮನೆ ಬೆಟ್ಟದ ಕಡೆಗಿತ್ತು. ಚೆಂದದ ಜಾಗ, ಸಾಲು ಮರ, ನರಪಿಳ್ಳೆ ಇಲ್ಲದ ರಸ್ತೆ. ಇವರು ಬೆಳಿಗ್ಗೆ ಎಂಟಕ್ಕೆ ಕಾರು ತೆಗೆದುಕೊಂಡು ಹೋದರೆ ನಾನು ಸಂಜೆ ಏಳರವರೆಗೆ ಮನೆಯೊಳಗೆ. ಬಸ್ ಸ್ಟಾಪ್‌ಗೆ ಇಪ್ಪತ್ತೈದು ನಿಮಿಷ ನಡಿಗೆ. ಬಸ್ಸು ಗಂಟೆಗೊಂದು. ಒಂದು ಸಲ ಕಣ್ಣೆದುರೇ ಬಸ್ಸು ಹೋಯಿತು, ಮಗುವಿನ ಗಾಡಿ ಹಿಡಿದುಕೊಂಡು ನೆರಳಿಲ್ಲದ ಕಂಬದ ಪಕ್ಕ ಒಂದು ಗಂಟೆ ನಿಂತೆ. ಇನ್ನೊಂದು ದಿನ ತರಕಾರಿ ಚೀಲ ಹಿಡಿದು ನಡೆದು ಬರುತ್ತಿದ್ದಾಗ ಒಬ್ಬ ಹೆಂಗಸು ಕಾರು ನಿಲ್ಲಿಸಿ, ಏನಾದರೂ ತೊಂದರೆಯಾಗಿದೆಯಾ, ಸಹಾಯ ಬೇಕಾ ಅಂತ ಕೇಳಿದಳು. ಪಾಪ, ಒಳ್ಳೆ ಮನಸ್ಸಿನವಳು. ಆದರೆ ನಡೆದು ಹೋಗುವುದನ್ನೇ ತೊಂದರೆ ಅಂದುಕೊಳ್ಳುವ ಬೀದಿಯಲ್ಲಿ ನಾನು ಮನೆ ಮಾಡಿದ್ದೇನೆ ಅಂತ ಅವತ್ತು ಅರ್ಥವಾಯಿತು. ಮೂರು ವರ್ಷ ಹಾಗೇ ಕಳೆದೆವು. 2009 ರಲ್ಲಿ ಸನ್ನಿವೇಲ್ ಸ್ಟೇಷನ್ ಹತ್ತಿರ ಬಂದ ಮೇಲೆ ಉಸಿರಾಡಿದ ಹಾಗಾಯಿತು.

ಈ ಜಾಗ ಯಾಕೆ ಹೀಗಿದೆ ಅಂತ ಸ್ವಲ್ಪ ತಿಳಿದುಕೊಂಡರೆ ಮನೆ ಹುಡುಕುವುದು ಸುಲಭ. ಸಿಲಿಕಾನ್ ವ್ಯಾಲಿ ಅನ್ನುವ ಈ ಕಣಿವೆ ಒಂದು ಕಾಲಕ್ಕೆ ಏಪ್ರಿಕಾಟ್, ಪ್ಲಮ್ ತೋಟ. ಎರಡನೇ ಮಹಾಯುದ್ಧ ಮುಗಿದ ಮೇಲೆ ತೋಟ ಕಡಿದು ಒಂಟಿ ಮನೆಗಳ ಬಡಾವಣೆ ಮಾಡಿದರು, ದೊಡ್ಡ ದೊಡ್ಡ ಹೆದ್ದಾರಿ ಹಾಕಿದರು. ಮನೆ ಒಂದು ಕಡೆ, ಅಂಗಡಿ ಒಂದು ಕಡೆ, ಆಫೀಸು ಇನ್ನೊಂದು ಕಡೆ. ಎಲ್ಲವೂ ಕಾರಿನ ಲೆಕ್ಕಕ್ಕೆ ಕಟ್ಟಿದ್ದು. ಆದರೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆಗೆ ರೈಲು ಹಳಿ ಬಂದಿದ್ದು 1864 ರಲ್ಲಿ. ಹಳಿಯ ಪಕ್ಕ ಬೆಳೆದ ಹಳೆ ಪೇಟೆಗಳು ಇನ್ನೂ ಉಳಿದಿವೆ. ಸನ್ನಿವೇಲ್‌ನ ಮರ್ಫಿ ಅವೆನ್ಯೂ, ಮೌಂಟನ್ ವ್ಯೂನ ಕ್ಯಾಸ್ಟ್ರೋ ಸ್ಟ್ರೀಟ್ ಅಂಥವು. ಸ್ಟೇಷನ್ ಇಳಿದರೆ ಎದುರಿಗೇ ಪೇಟೆ ಬೀದಿ, ನಮ್ಮ ಕಡೆಯ ಊರುಗಳಲ್ಲಿ ಇರುವ ಹಾಗೆ. ಕಾರು ಹುಟ್ಟುವ ಮೊದಲೇ ಹುಟ್ಟಿದ ಪೇಟೆಯಲ್ಲಿ ಕಾರಿಲ್ಲದೆ ಬದುಕಬಹುದು. ಕಾರಿಗೋಸ್ಕರ ಹುಟ್ಟಿದ ಬಡಾವಣೆಯಲ್ಲಿ ಕಷ್ಟ. ಕ್ಯುಪರ್ಟಿನೊದಲ್ಲಿ ಶಾಲೆ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಅಲ್ಲಿಗೆ ರೈಲಿಲ್ಲ ಅಂತ ಯಾರೂ ಹೇಳುವುದಿಲ್ಲ.

ನಿಮ್ಮ ಲೆಕ್ಕಕ್ಕೆ ನಾನು ಮೌಂಟನ್ ವ್ಯೂ ಅನ್ನುತ್ತೇನೆ, ಕ್ಯಾಸ್ಟ್ರೋ ಸ್ಟ್ರೀಟಿಗೆ ನಡೆದು ಹೋಗುವಷ್ಟು ದೂರದಲ್ಲಿ. ಅಲ್ಲಿ ಸ್ಟೇಷನ್ನಿನಲ್ಲೇ ಲೈಟ್ ರೈಲ್, ಅಂದರೆ ಟ್ರಾಮ್‌ನಂಥ ಸಣ್ಣ ರೈಲು, ಶುರುವಾಗುತ್ತದೆ. ಆರೆಂಜ್ ಲೈನ್ ಹತ್ತಿದರೆ ಗ್ರೇಟ್ ಅಮೆರಿಕ ಸುಮಾರು ಅರ್ಧ ಗಂಟೆ, ನಡುವೆ ಬದಲಿಸಬೇಕಾಗಿಲ್ಲ. ಇವು ನಮ್ಮ ಮೆಟ್ರೋ ಥರ ಓಡುವುದಿಲ್ಲ, ಕೆಲವು ಕಡೆ ತೆವಳುತ್ತವೆ. ಕೂತುಕೊಂಡು ಮೇಲ್ ನೋಡಿಕೊಂಡು ಹೋಗಲು ಅಡ್ಡಿಯಿಲ್ಲ. ಅದೇ ಲೈನಿನಲ್ಲಿ ಮುಂದೆ ಹೋದರೆ ಮಿಲ್ಪಿಟಾಸ್. ಅಲ್ಲಿ ಬಾರ್ಟ್, ಅಂದರೆ ಈ ಭಾಗದ ಮೆಟ್ರೋ ರೈಲು, ಹಿಡಿದರೆ ಫ್ರೀಮಾಂಟ್. ನಮ್ಮ ಜನ ತುಂಬಾ ಇರುವ ಊರು, ನಿನಗೂ ಯಾರಾದರೂ ನೆಂಟರು ಇದ್ದೇ ಇರುತ್ತಾರೆ. ಬಾರ್ಟ್ ಮಿಲ್ಪಿಟಾಸ್‌ಗೆ ಬಂದಿದ್ದು 2020 ರಲ್ಲಿ. ನಾವು ಬಂದಾಗ ಫ್ರೀಮಾಂಟೇ ಕೊನೆ.

ಸ್ಯಾನ್ ಫ್ರಾನ್ಸಿಸ್ಕೋಗೆ ಕ್ಯಾಲ್ಟ್ರೇನ್. 2024 ರ ಸೆಪ್ಟೆಂಬರ್‌ನಿಂದ ಇದು ಕರೆಂಟಿನಲ್ಲಿ ಓಡುತ್ತಿದೆ. ಮೊದಲು ಡೀಸೆಲ್ ಇಂಜಿನ್, ಶನಿವಾರ ಭಾನುವಾರ ಗಂಟೆಗೊಂದೇ ಗಾಡಿ. ಈಗ ರಜೆ ದಿನವೂ ಅರ್ಧ ಗಂಟೆಗೊಂದು ಬರುತ್ತದೆ. ಕೇಳಲು ಸಣ್ಣ ವಿಷಯ. ಆದರೆ ಗಂಟೆಗೊಂದು ಅಂದರೆ ಗಡಿಯಾರ ನೋಡಿಕೊಂಡು ಬದುಕಬೇಕು, ಅರ್ಧ ಗಂಟೆಗೊಂದು ಅಂದರೆ ಇನ್ನೊಂದು ಕಾಫಿ ಕುಡಿದು ಹೊರಡಬಹುದು.

ಇನ್ನು ನಿನ್ನ ಬಸ್ಸು. 22ನೇ ನಂಬರ್. ಪಾಲೋ ಆಲ್ಟೋದಿಂದ ಎಲ್ ಕಮಿನೊ ರಸ್ತೆ ಹಿಡಿದು ಮೌಂಟನ್ ವ್ಯೂ, ಸನ್ನಿವೇಲ್, ಸ್ಯಾಂಟಾ ಕ್ಲಾರಾ ದಾಟಿ ಸ್ಯಾನ್ ಹೋಸೆಯ ಪೂರ್ವ ಭಾಗದವರೆಗೆ ಹೋಗುತ್ತದೆ. ಹಗಲು ಹೊತ್ತು ಕಾಲು ಗಂಟೆಗೊಂದು ಸಿಗುತ್ತದೆ. ಸನ್ನಿವೇಲ್ ಕಡೆ ಬಂದರೆ ನಮ್ಮ ದಿನಸಿ ಅಂಗಡಿಗಳು, ದೋಸೆ ಸಿಗುವ ಹೋಟೆಲುಗಳು ಎಲ್ಲ ಇದೇ ರಸ್ತೆಯ ಆಜುಬಾಜು. ಕರಿಬೇವು, ಹಲಸಂದೆ, ಬ್ಯಾಡಗಿ ಮೆಣಸಿನಕಾಯಿಗೆ ನಾನು ಮೂರು ವರ್ಷ ಇವರ ಶನಿವಾರಕ್ಕೆ ಕಾಯುತ್ತಿದ್ದೆ. ಆಮೇಲೆ 22 ಹತ್ತಿ ಮಂಗಳವಾರ ಮಧ್ಯಾಹ್ನವೇ ಹೋಗಿ ಬರುತ್ತಿದ್ದೆ. ಎಳೆದುಕೊಂಡು ಹೋಗುವ ಮಡಚುವ ಕೈಗಾಡಿ ಒಂದು ತೆಗೆದುಕೋ. ಒಂಬತ್ತು ಕೆ.ಜಿ. ಅಕ್ಕಿ ಚೀಲ ಭುಜದ ಮೇಲೆ ಹೊರುವ ವಯಸ್ಸು ನಿನಗಿರಬಹುದು, ಬೆನ್ನು ಹಾಳು ಮಾಡಿಕೊಳ್ಳಬೇಡ. ಈಗ ಅಕ್ಕಿ, ಬೇಳೆ ಮನೆಗೇ ತಂದುಕೊಡುತ್ತಾರೆ ಬಿಡು. ನಮ್ಮ ಕಾಲಕ್ಕೆ ಅದಿರಲಿಲ್ಲ.

ಬಸ್ಸಿನ ರೀತಿ ರಿವಾಜು ಸ್ವಲ್ಪ ಬೇರೆ. ಇಲ್ಲಿ ಗಾಡಿಗಳು ಬಲಗಡೆ ಓಡುತ್ತವೆ. ನಮ್ಮ ಊರಿನ ಅಭ್ಯಾಸದಲ್ಲಿ ರಸ್ತೆಯ ಒಂದು ಬದಿಗೆ ನಿಂತರೆ ಉಲ್ಟಾ ದಿಕ್ಕಿನ ಬಸ್ಸು ಬರುತ್ತದೆ. ನಾನು ಒಮ್ಮೆ ಹಾಗೆ ಹತ್ತಿ ಪಾಲೋ ಆಲ್ಟೋವರೆಗೆ ಊರು ನೋಡಿ ಬಂದೆ. ಇಳಿಯುವ ಸ್ಟಾಪ್ ಬರುವ ಮುಂಚೆ ಕಿಟಕಿ ಪಕ್ಕದ ದಾರ ಎಳೆಯಬೇಕು, ಇಲ್ಲದಿದ್ದರೆ ಸುಮ್ನೆ ಹೋಗಿಬಿಡುತ್ತಾನೆ. ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರುವುದಿಲ್ಲ. ಕ್ಲಿಪ್ಪರ್ ಕಾರ್ಡ್ ಮಾಡಿಸಿಕೋ. ಇಲ್ಲಿ ಬಸ್ಸು, ರೈಲು, ದೋಣಿ ಓಡಿಸುವ ಸಂಸ್ಥೆಗಳು 27 ಇವೆ, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಟಿಕೆಟ್ ದರ ಬೇರೆ ಬೇರೆ. ಈ ಕಾರ್ಡ್ ಒಂದೇ ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುತ್ತದೆ. 2025 ರಲ್ಲಿ ನಮ್ಮ ಬಸ್ಸಿಗೆ 2.50 ಡಾಲರ್. ಕಾರ್ಡಿನಲ್ಲಿ ಕೊಟ್ಟರೆ ಎರಡು ಗಂಟೆಯೊಳಗೆ ಇನ್ನೊಂದು ಬಸ್ಸು, ಲೈಟ್ ರೈಲ್ ಪುಕ್ಕಟೆ. ಕ್ಯಾಲ್ಟ್ರೇನ್‌ಗೆ ಮಾತ್ರ ಹತ್ತುವ ಮುಂಚೆ ಒಮ್ಮೆ, ಇಳಿದ ಮೇಲೆ ಒಮ್ಮೆ ಪ್ಲಾಟ್‌ಫಾರಂ ಮೇಲಿನ ಯಂತ್ರಕ್ಕೆ ಕಾರ್ಡ್ ತೋರಿಸಬೇಕು. ಇಳಿದ ಮೇಲೆ ಮರೆತರೆ ದೂರದ ಊರಿನ ದರ ಹಿಡಿದುಬಿಡುತ್ತದೆ. ನಾನು ಎಷ್ಟು ಸಲ ಮರೆತಿದ್ದೇನೆ ಅಂತ ಇವರಿಗೆ ಇವತ್ತಿಗೂ ಹೇಳಿಲ್ಲ.

ರಸ್ತೆ ದಾಟುವಾಗ ಮಗಳ ಕೈ ಗಟ್ಟಿಯಾಗಿ ಹಿಡಿದುಕೋ. ಎಲ್ ಕಮಿನೊ ಆರು ಸಾಲಿನ ರಸ್ತೆ. ಕಂಬದ ಮೇಲಿನ ಗುಂಡಿ ಒತ್ತಬೇಕು, ಆಗ ನಿನಗೆ ದಾರಿ ಬಿಡುತ್ತದೆ. ಕೆಂಪು ದೀಪ ಇದ್ದರೂ ಕಾರಿನವರು ನಿಂತು ನೋಡಿ ಬಲಕ್ಕೆ ತಿರುಗಬಹುದು ಅಂತ ಇಲ್ಲಿ ಕಾನೂನು. ಅವರು ಎಡಗಡೆಯಿಂದ ಬರುವ ಕಾರು ನೋಡುತ್ತಿರುತ್ತಾರೆ, ಬಲಗಡೆ ನಿಂತ ನಿನ್ನನ್ನಲ್ಲ. ಡ್ರೈವರ್ ಕಣ್ಣು ನಿನ್ನ ಮೇಲೆ ಬಿದ್ದ ಮೇಲೆ ಕಾಲಿಡು.

ಕಾರಿಲ್ಲದಿದ್ದರೆ ಟ್ಯಾಕ್ಸಿ ಇದೆಯಲ್ಲ ಅಂದುಕೊಂಡಿರುತ್ತೀಯ. ಮಗುವಿದೆಯಲ್ಲ ತಂಗಿ. ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷದೊಳಗಿನ ಮಕ್ಕಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟು ಹಾಕಿಯೇ ಕೂರಿಸಬೇಕು. ಊಬರ್ ಆದರೂ ಅಷ್ಟೇ. ಸೀಟು ನೀನೇ ತೆಗೆದುಕೊಂಡು ಹೋಗಬೇಕು, ಇಳಿದ ಮೇಲೆ ಅದನ್ನು ಹೊತ್ತುಕೊಂಡು ಓಡಾಡಬೇಕು. ಮಡಿಲಲ್ಲಿ ಕೂರಿಸಿಕೊಂಡು ಹೋಗುವ ನಮ್ಮ ಆಟೋ ಸುಖ ಇಲ್ಲಿಲ್ಲ. ಬಸ್ಸಿಗೆ, ರೈಲಿಗೆ ಈ ರಗಳೆ ಇಲ್ಲ. ಶಾಲೆಯೂ ಅಷ್ಟೇ, ಮನೆ ವಿಳಾಸ ನೋಡಿ ಸರ್ಕಾರಿ ಶಾಲೆ ಕೊಡುತ್ತಾರೆ. 2025-26 ರಿಂದ ಸೆಪ್ಟೆಂಬರ್ 1 ಕ್ಕೆ ನಾಲ್ಕು ತುಂಬಿದ ಎಲ್ಲ ಮಕ್ಕಳಿಗೂ ಅಲ್ಲಿ ಉಚಿತ ತರಗತಿ ಇದೆ. ಶಾಲೆಯ ರ‍್ಯಾಂಕಿಂಗ್ ನೋಡುವವರು ನೋಡಲಿ, ನೀನು ಗೇಟಿನವರೆಗೆ ನಡೆದು ಹೋಗಲು ಎಷ್ಟು ನಿಮಿಷ ಅಂತ ಮೊದಲು ನೋಡು. ಶಾಲಾ ಬಸ್ಸು ಬರುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡ.

ಸ್ಟೇಷನ್ ಹತ್ತಿರದ ಮನೆಗೆ ಬಾಡಿಗೆ ಜಾಸ್ತಿ. ಇವರು ಮೊದಲು ಅದಕ್ಕೇ ಹಿಂಜರಿದಿದ್ದು. ಆದರೆ ಹೊಸ ಕಾರು ಇಟ್ಟುಕೊಳ್ಳಲು ಸವಕಳಿ, ಪೆಟ್ರೋಲು, ಇನ್ಶೂರೆನ್ಸು, ಸಾಲದ ಬಡ್ಡಿ ಎಲ್ಲ ಸೇರಿ ವರ್ಷಕ್ಕೆ 12,297 ಡಾಲರ್ ಬೀಳುತ್ತದೆ ಅಂತ ಇಲ್ಲಿನ ವಾಹನ ಮಾಲೀಕರ ಸಂಘ ಎಎಎ 2024 ರಲ್ಲಿ ಲೆಕ್ಕ ಹಾಕಿತ್ತು. ಅಂದರೆ ತಿಂಗಳಿಗೆ ಸಾವಿರದ ಮೇಲೆ. ಹಳೆ ಕಾರಾದರೆ ಕಡಿಮೆ, ಒಪ್ಪುತ್ತೇನೆ. ಆದರೂ ಬಾಡಿಗೆಯನ್ನು ಕಾರಿನ ಜೊತೆ ಕೂಡಿಸಿಯೇ ಹೋಲಿಸಬೇಕು. ಎರಡು ಕಾರು ಇಟ್ಟುಕೊಂಡು "ಬಾಡಿಗೆ ಉಳಿಸಿದೆವು" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಕಾರು ಬೇಡ ಅನ್ನಬಹುದು, ಲೈಸೆನ್ಸ್ ಬೇಡ ಅನ್ನಬೇಡ. ನಿನಗೆ ಭಯ ಅಂತ ಗೊತ್ತು. ನಾನು ಮೂವತ್ತೊಂದನೇ ವಯಸ್ಸಿಗೆ, ಮೂರನೇ ಸಲಕ್ಕೆ ಪಾಸಾದೆ. ಎರಡನೇ ಸಲ ಪರೀಕ್ಷೆ ಮಾಡುವವರು ಪೆನ್ನು ಮುಚ್ಚಿಟ್ಟು ಕಿಟಕಿ ಆಚೆ ನೋಡುತ್ತಾ ಕೂತುಬಿಟ್ಟರು. ಬಂದ ಮೇಲೆ ಡಿಎಂವಿಯಲ್ಲಿ (ನಮ್ಮ ಆರ್‌ಟಿಒ ಥರದ ಕಚೇರಿ) ಬರೆಯುವ ಪರೀಕ್ಷೆ ಕೊಟ್ಟು ಕಲಿಯುವವರ ಪರ್ಮಿಟ್ ತೆಗೆದುಕೋ, ನಿಧಾನವಾಗಿ ಕಲಿ. ನಿನ್ನ ಯಜಮಾನರಿಗೆ ಅಲ್ಲಿನ ಲೈಸೆನ್ಸ್ ಇದ್ದರೂ ಇಲ್ಲಿ ನೆಲೆಸಿದ 10 ದಿನದೊಳಗೆ ಕ್ಯಾಲಿಫೋರ್ನಿಯಾದ್ದು ಮಾಡಿಸಬೇಕು ಅಂತ ನಿಯಮ. ರಾತ್ರಿ ಮಗುವಿಗೆ ಜ್ವರ ಬಂದಾಗ, ಇವರು ಊರಲ್ಲಿಲ್ಲದಾಗ, ಪಕ್ಕದ ಮನೆಯವರ ಕಾರನ್ನು ಓಡಿಸಲಾದರೂ ಬರಬೇಕು. ರೈಲುಗಳು ಮಧ್ಯರಾತ್ರಿಯ ಹೊತ್ತಿಗೆ ಮಲಗಿಬಿಡುತ್ತವೆ.

ಕಾರಿಲ್ಲದವರು ಸೋಲುವುದು ಎಲ್ಲಿ ಅಂದರೆ ವಾರದ ಕೊನೆಯಲ್ಲಿ. ಲಿವರ್‌ಮೋರ್ ದೇವಸ್ಥಾನಕ್ಕೆ ಬಾರ್ಟ್‌ನಲ್ಲಿ ಡಬ್ಲಿನ್‌ವರೆಗೆ ಹೋಗಿ ಬಸ್ಸು ಹಿಡಿಯಬಹುದು. ನಾನು ಒಂದೇ ಸಲ ಹಾಗೆ ಹೋಗಿದ್ದೇನೆ, ಮಂಗಳಾರತಿ ತಪ್ಪಿತು. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವ ಎಲ್ಲೋ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ, ಮುಗಿಯುವಾಗ ರಾತ್ರಿ ಹತ್ತು. ಯಾರಾದರೂ ಮನೆಗೆ ಬಿಡಬೇಕು. "ಹೋಗ್ತಾ ನಮ್ಮನ್ನೂ ಬಿಡ್ತೀರಾ" ಅಂತ ಕೇಳಲು ಮೊದಮೊದಲು ನಾಲಿಗೆ ಏಳುವುದಿಲ್ಲ. ಕೇಳು. ಪ್ರತಿಯಾಗಿ ಡಬ್ಬಿಯಲ್ಲಿ ಚಕ್ಕುಲಿ ಹಾಕಿಕೊಂಡು ಹೋಗು. ನನ್ನ ಇಲ್ಲಿನ ಹತ್ತಿರದ ಗೆಳತಿಯರು ಮೂವರೂ ಹಾಗೆ ನಮ್ಮನ್ನು ಮನೆಗೆ ಬಿಟ್ಟವರೇ. ತಾಹೋ, ಸಮುದ್ರ ತೀರ ಅಂತ ಹೋಗಲು ಕಾರು ಬಾಡಿಗೆಗೆ ಸಿಗುತ್ತದೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಬೇಕಾದರೆ ಮರ್ಸೆಡ್‌ವರೆಗೆ ರೈಲು, ಅಲ್ಲಿಂದ ಯಾರ್ಟ್ಸ್ ಬಸ್ಸು.

ಮನೆಗೆ ಹಿರಿಯರು ಬರುವುದನ್ನೂ ಈಗಲೇ ಯೋಚಿಸು. ಅತ್ತೆ ಮಾವ ಆರು ತಿಂಗಳಿಗೆ ಬರುತ್ತಾರೆ, ಬೆಟ್ಟದ ಕಡೆ ಮನೆಯಾದರೆ ಟಿವಿ ಎದುರು ಕೂತು ಮೂರನೇ ವಾರಕ್ಕೇ ವಾಪಸ್ ಟಿಕೆಟ್ ಬೇಗದ ದಿನಕ್ಕೆ ಮಾಡಿಸಿ ಅನ್ನುತ್ತಾರೆ. ನಮ್ಮ ಮಾವ ಹಾಸನದಲ್ಲಿ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿ ನಿವೃತ್ತರಾದವರು. ಮೊದಲ ಸಲ ಬಂದಾಗ ಆ ಹಳೆ ಮನೆಯಲ್ಲಿ ಜೈಲು ಅಂದರು. ಎರಡನೇ ಸಲ ಸನ್ನಿವೇಲ್‌ಗೆ ಬಂದಾಗ ಹಿರಿಯರ ಕಾರ್ಡ್ ಮಾಡಿಸಿಕೊಟ್ಟೆ. ತಿಂಡಿ ತಿಂದು 22 ಹತ್ತಿ ಹೋದರೆ ಊಟದ ಹೊತ್ತಿಗೆ ವಾಪಸ್. ಯಾವ ಡ್ರೈವರ್ ಬ್ರೇಕ್ ಹೇಗೆ ಹಾಕುತ್ತಾನೆ ಅಂತ ದಿನಾ ವರದಿ. ಗಾಲಿಕುರ್ಚಿಯವರು ಹತ್ತಲೆಂದು ಬಸ್ಸು ಒಂದು ಪಕ್ಕ ತಗ್ಗಿ ಹಲಗೆ ಚಾಚುವುದನ್ನು ನೋಡಿ ಎರಡು ದಿನ ಅದನ್ನೇ ಮಾತಾಡಿದರು. ಬಾರ್ಟ್ ಹಳಿಯ ಅಗಲ ನಮ್ಮ ಊರಿನ ಬ್ರಾಡ್ ಗೇಜ್‌ನಷ್ಟೇ, 1,676 ಮಿಲಿಮೀಟರ್, ಕ್ಯಾಲ್ಟ್ರೇನ್‌ದು ಅದಕ್ಕಿಂತ ಕಿರಿದು ಅಂದಾಗ "ಹಂಗಾದ್ರೆ ಅರಸೀಕೆರೆ ಗಾಡಿ ಇಲ್ಲೂ ಓಡುತ್ತೆ ಅನ್ನು" ಅಂದರು. ಕಂಡಕ್ಟರ್ ಇಲ್ಲದ್ದು ಮಾತ್ರ ಕೊನೆವರೆಗೂ ಅವರಿಗೆ ಒಗ್ಗಲಿಲ್ಲ.

ನಮ್ಮ ಮನೆಯಲ್ಲಿ ಈಗ ಒಂದು ಕಾರಿದೆ, ಸುಳ್ಳು ಹೇಳುವುದಿಲ್ಲ. ವಾರದ ಐದು ದಿನ ನಿಂತಲ್ಲೇ ನಿಂತಿರುತ್ತದೆ, ಮೇಲೆ ಎಲೆ ಉದುರಿರುತ್ತದೆ. ನೀವು ಮೊದಲ ಆರು ತಿಂಗಳು ಕಾರು ಕೊಳ್ಳದೆ ನೋಡಿ. ಕೊಂಡರೂ ಒಂದೇ ಕೊಳ್ಳಿ, ಅದನ್ನು ಅವರೇ ಆಫೀಸಿಗೆ ತೆಗೆದುಕೊಂಡು ಹೋಗದ ಹಾಗೆ ನೋಡಿಕೋ.

ಮನೆ ನೋಡಿದ ತಕ್ಷಣ ವಿಳಾಸ ನನಗೆ ಕಳಿಸು, ಮುಂಗಡ ಕೊಡುವ ಮೊದಲು. ಭಾನುವಾರ ರಾತ್ರಿ ಎಂಟಕ್ಕೆ ನಾನೇ ಆ ಸ್ಟಾಪಿನಲ್ಲಿ ಹೋಗಿ ನಿಲ್ಲುತ್ತೇನೆ. ಎಷ್ಟು ಹೊತ್ತಿಗೆ ಬಸ್ಸು ಬಂತು ಅಂತ ಬರೆಯುತ್ತೇನೆ. ಮತ್ತೆ, ಬರುವಾಗ ಗಟ್ಟಿಮುಟ್ಟಾದ ಕೊಡೆ ಎರಡು ತಾ. ನವೆಂಬರ್‌ನಿಂದ ಇಲ್ಲಿ ಮಳೆ, ಎಷ್ಟೋ ಸ್ಟಾಪುಗಳಿಗೆ ಸೂರಿಲ್ಲ. ಒಂದು ನನಗೆ.