ಹಸಿರು ಟ್ಯೂಬ್ ಸದ್ಯ ಬೇಡ, ಅಕ್ಕೋರೇ

ಪ್ರಶ್ನೆ: ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದೆ, ಈಗ ನಿವೃತ್ತಿಯಾಗಿದೆ. ಜಲವರ್ಣ ಸ್ವಲ್ಪ ರೂಢಿಯಿದೆ. ನಮ್ಮ ತೋಟ, ಗದ್ದೆ, ಬೆಟ್ಟಗಳನ್ನು ಎಣ್ಣೆ ಬಣ್ಣದಲ್ಲಿ ಬಿಡಿಸಬೇಕೆಂದು ಆಸೆ. ಸಾಮಾನಿನ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಮೊದಲು ಏನೇನು ತರಿಸಲಿ? ಮನೆಯ ಕೊಬ್ಬರಿ ಎಣ್ಣೆ ಬಣ್ಣಕ್ಕೆ ಆಗುತ್ತದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಅಕ್ಕೋರೇ, ಕೊಬ್ಬರಿ ಎಣ್ಣೆ ಖಂಡಿತ ಬೇಡ. ಅದು ಒಣಗುವ ಎಣ್ಣೆಯಲ್ಲ. ಎಷ್ಟು ತಿಂಗಳು ಕಾದರೂ ಚಿತ್ರ ಜಿಡ್ಡಾಗಿಯೇ ಇರುತ್ತದೆ. ಟ್ಯೂಬಿನ ಬಣ್ಣವನ್ನು ಹೆಚ್ಚಾಗಿ ಅಗಸೆ ಎಣ್ಣೆಯಲ್ಲಿ ಅರೆದಿರುತ್ತಾರೆ. ಅಗಸೆ ಎಣ್ಣೆ ನೀರಿನ ಹಾಗೆ ಆರಿ ಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಪದರವಾಗುತ್ತದೆ. ಚಿತ್ರಕಲೆಗೆಂದೇ ಬರುವ, ಶುದ್ಧ ಮಾಡಿದ ಅಗಸೆ ಎಣ್ಣೆಯ ಒಂದು ಚಿಕ್ಕ ಬಾಟಲಿ ಸಾಕು. ಅಡುಗೆಗೆ ಸಿಗುವ ಅಗಸೆ ಎಣ್ಣೆ ನಿಧಾನ ಒಣಗಬಹುದು, ಹಳದಿಗೂ ಬೇಗ ತಿರುಗಬಹುದು.

ಇನ್ನು ಬಣ್ಣ. ನಾನು ಕಾರವಾರದ ಕೋಡಿಬಾಗದಲ್ಲಿ ಕೂತು ಚಿತ್ರ ಕಲಿತವನು. ಶುರುವಿಗೆ 24 ಟ್ಯೂಬಿನ ಪೆಟ್ಟಿಗೆ ತಂದಿದ್ದೆ. ಅದರಲ್ಲಿ ಮೂರು ನಮೂನೆಯ ಹಸಿರು. ಕಾಳಿ ನದಿಯಾಚೆಯ ಸದಾಶಿವಗಡದ ಗುಡ್ಡಕ್ಕೆ ಆ ಹಸಿರನ್ನೇ ನೇರವಾಗಿ ಬಳಿದೆ. ಗುಡ್ಡಕ್ಕೆ ಪ್ಲಾಸ್ಟಿಕ್ ಹೊದಿಸಿದ ಹಾಗೆ ಕಂಡಿತು. ನಮ್ಮ ಕಡೆಯ ಹಸಿರು ಒಂದೇ ಹಸಿರಲ್ಲ, ಅಲ್ವಾ? ಅಡಿಕೆ ಸೋಗೆ, ಬಾಳೆ ಎಲೆ, ನಾಟಿ ಮಾಡಿದ ಗದ್ದೆ, ಬೇಸಿಗೆಯ ಬೆಟ್ಟ, ಎಲ್ಲವೂ ಬೇರೆ ಬೇರೆ. ಅವನ್ನು ಬೆರೆಸಿಯೇ ಮಾಡಬೇಕು.

ಅದಕ್ಕೆ ಆರು ಟ್ಯೂಬ್ ಸಾಕು: ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಕ್ರಿಮ್ಸನ್ (ಕಡುಗೆಂಪು). ಬಿಳಿ ಮಾತ್ರ ದೊಡ್ಡ ಟ್ಯೂಬ್ ತನ್ನಿ. ಜಲವರ್ಣದಲ್ಲಿ ಕಾಗದವೇ ಬಿಳಿ, ಇಲ್ಲಿ ಆಕಾಶಕ್ಕೂ ಮಂಜಿಗೂ ಬಿಳಿಯೇ ಬೇಕು, ಅದೇ ಮೊದಲು ಮುಗಿಯುತ್ತದೆ. ಅಲ್ಟ್ರಾಮರೀನ್‌ಗೆ ಲೆಮನ್ ಯೆಲ್ಲೋ ಬೆರೆಸಿದರೆ ಸೋಗೆಯ ಹಸಿರು. ಕಣ್ಣಿಗೆ ಹೊಡೆದರೆ ಕಡ್ಡಿ ತುದಿಯಷ್ಟು ಬರ್ನ್ಟ್ ಸಿಯೆನ್ನಾ ಹಾಕಿ, ಹೊಳಪು ತಗ್ಗುತ್ತದೆ. ಲೆಮನ್ ಬದಲು ಓಕರ್ ಹಾಕಿದರೆ ಒಣ ಬೆಟ್ಟದ ಮಾಸಲು ಹಸಿರು. ದೂರದ ಘಟ್ಟಕ್ಕೆ ಬಿಳಿ, ಅಲ್ಟ್ರಾಮರೀನ್, ಒಂದು ಚೂರು ಕ್ರಿಮ್ಸನ್. ಚಿರೇಕಲ್ಲಿನ ಗೋಡೆಗೆ ಬರ್ನ್ಟ್ ಸಿಯೆನ್ನಾ ಹೇಳಿ ಮಾಡಿಸಿದ ಬಣ್ಣ. ಅದಕ್ಕೇ ಅಲ್ಟ್ರಾಮರೀನ್ ಸೇರಿಸಿದರೆ ತೋಟದೊಳಗಿನ ಕಪ್ಪು ನೆರಳೂ ಬರುತ್ತದೆ. ಹಾಗಾಗಿ ಕಪ್ಪು ಟ್ಯೂಬೂ ಬೇಡ. ಒಂದು ಸೋಗೆ ಎದುರಿಗಿಟ್ಟುಕೊಂಡು ಮೊದಲ ವಾರವೆಲ್ಲ ಸುಮ್ನೆ ಹಸಿರು ಬೆರೆಸುತ್ತಾ ಕೂರಿ. ಚಿತ್ರ ಆಮೇಲೆ ಬಿಡಿಸಿದರಾಯಿತು.

ಕುಂಚ ಮೂರು ಸಾಕು. ಹಂದಿ ಕೂದಲಿನ ಚಪ್ಪಟೆ ಕುಂಚ, 4, 8, 12ನೇ ನಂಬರು. ಜಲವರ್ಣದ ಮೃದು ಕುಂಚಕ್ಕೆ ಈ ಗಟ್ಟಿ ಬಣ್ಣ ತಳ್ಳುವ ಶಕ್ತಿ ಇರುವುದಿಲ್ಲ. ಜೊತೆಗೆ ಒಂದು ಪ್ಯಾಲೆಟ್ ನೈಫ್, ಅಂದರೆ ಬಣ್ಣ ಬೆರೆಸುವ ಚಪ್ಪಟೆ ಚಾಕು. ಬಣ್ಣ ಬೆರೆಸಲು ಹಳೆಯ ಫೋಟೋ ಚೌಕಟ್ಟಿನ ಗಾಜು ಚೆನ್ನಾಗಿರುತ್ತದೆ. ಅಡಿಗೆ ಬೂದು ಕಾಗದ ಅಂಟಿಸಿ, ಅಂಚಿಗೆ ಟೇಪ್ ಸುತ್ತಿ.

ಕ್ಯಾನ್ವಾಸಿಗೆ ಈಗಲೇ ದುಡ್ಡು ಹಾಕಬೇಡಿ. ಪ್ಲೈವುಡ್ ಅಂಗಡಿಯಲ್ಲಿ ಹಾರ್ಡ್‌ಬೋರ್ಡನ್ನು 10 ಇಂಚು 12 ಇಂಚಿಗೆ ಕತ್ತರಿಸಿಕೊಡುತ್ತಾರೆ. ನಯವಾದ ಬದಿಯನ್ನು ಮರಳು ಕಾಗದದಿಂದ ಉಜ್ಜಿ, ಎರಡು ಮೂರು ಕೋಟ್ ಅಕ್ರಿಲಿಕ್ ಜೆಸ್ಸೋ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ತಳಲೇಪ) ಬಳಿಯಿರಿ. ಜೆಸ್ಸೋ ಇಲ್ಲದಿದ್ದರೆ ಬಣ್ಣದ ಎಣ್ಣೆಯನ್ನೆಲ್ಲ ಬೋರ್ಡೇ ಹೀರಿಕೊಳ್ಳುತ್ತದೆ. ಶಿರಸಿಯಲ್ಲಿ ಜೆಸ್ಸೋ ಸಿಗದಿದ್ದರೆ ಹುಬ್ಬಳ್ಳಿಯಿಂದ ತರಿಸಿಕೊಳ್ಳಿ.

ತೆಳು ಮಾಡಲು, ಕುಂಚ ತೊಳೆಯಲು ಟರ್ಪೆಂಟೈನ್ ಬೇಕು. ಅದರ ಆವಿ ಒಳ್ಳೆಯದಲ್ಲ, ಮುಚ್ಚಿದ ಕೋಣೆಯಲ್ಲಿ ಬೇಡ. ಜಗಲಿಯಲ್ಲಿ ಕೂರಿ. ಮೊದಲ ಪದರಕ್ಕೆ ಟರ್ಪೆಂಟೈನ್ ಜಾಸ್ತಿ, ಮೇಲಿನ ಪದರಗಳಿಗೆ ಅಗಸೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಮುಂದೆ ಚಿತ್ರ ಬಿರುಕು ಬಿಡುತ್ತದೆ. ಕುಂಚ ತೊಳೆದ ಟರ್ಪೆಂಟೈನನ್ನು ಜಾಮ್ ಬಾಟಲಿಗೆ ಹಾಕಿ ಮುಚ್ಚಿಡಿ. ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನು ಮತ್ತೆ ಬಳಸಬಹುದು. ತೋಟದ ಕಾಲುವೆಗೆ ಮಾತ್ರ ಚೆಲ್ಲಬೇಡಿ. ಆಮೇಲೆ ಕುಂಚವನ್ನು ಸೋಪು ಹಾಕಿ ತೊಳೆದಿಡಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅಡಿಕೆ ಸಿಪ್ಪೆ, ಸೋಗೆ, ಕಟ್ಟಿಗೆ ರಾಶಿ ಬಿದ್ದಿರುವ ಮನೆ ನಿಮ್ಮದು. ನೀರು ತುಂಬಿದ ಮುಚ್ಚಳದ ಡಬ್ಬದಲ್ಲಿ ಹಾಕಿಡಿ.

ಇನ್ನೊಂದು ಮಾತು, ಮಳೆ ಹಿಡಿಯುವ ಮುಂಚೆಯೇ ಶುರು ಮಾಡಿ. ಬೇಸಿಗೆಯಲ್ಲಿ ತೆಳು ಪದರ ಕೆಲವೇ ದಿನಕ್ಕೆ ಒಣಗುತ್ತದೆ, ಆಷಾಢದಲ್ಲಿ ತುಂಬ ಕಾಯಬೇಕು, ಬೋರ್ಡಿನ ಹಿಂದೆ ಬೂಷ್ಟೂ ಹಿಡಿಯುತ್ತದೆ. ಹಿಂಬದಿಗೂ ಒಂದು ಕೋಟ್ ಜೆಸ್ಸೋ ಕೊಡಿ, ಗಾಳಿ ಆಡುವ ಹಾಗೆ ಗೋಡೆಯಿಂದ ಸ್ವಲ್ಪ ಬಿಟ್ಟು ನಿಲ್ಲಿಸಿ. ಬೆಚ್ಚಗಿರುತ್ತದೆ ಎಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕಬೇಡಿ, ಹಸಿ ಬಣ್ಣಕ್ಕೆ ಮಸಿ ಅಂಟಿದರೆ ಬಿಡಿಸಲು ಬರುವುದಿಲ್ಲ.