ದುಂಡು ಮೂಲೆಯ ಕಟರ್: ಸಾಣೆ ಹಿಡಿಯುವುದೋ, ಕೊಳ್ಳುವುದೋ?

ಪ್ರಶ್ನೆ: ಸ್ಟೀಲ್ ಜಾಬ್ (ಕೊರೆಯಬೇಕಾದ ತುಂಡು) ಒಂದರಲ್ಲಿ ಪಾಕೆಟ್‌ನ, ಅಂದರೆ ಕೊರೆದು ಮಾಡುವ ಗುಳಿಯ, ತಳ ಮತ್ತು ಗೋಡೆ ಕೂಡುವ ಕಡೆ 1 ಮಿ.ಮೀ. ರೇಡಿಯಸ್ ಬೇಕೆಂದು ಡ್ರಾಯಿಂಗ್‌ನಲ್ಲಿದೆ. ಮೂಲೆ ಸವೆದ 10 ಮಿ.ಮೀ.ನ ನಾಲ್ಕು ಹಲ್ಲಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್ ಮಿಲ್‌ಗಳು, ಅಂದರೆ ತುದಿಯಲ್ಲೂ ಪಕ್ಕದಲ್ಲೂ ಕೊರೆಯುವ ಕಟರ್‌ಗಳು, ನನ್ನಲ್ಲಿ ಬೇಕಾದಷ್ಟಿವೆ. ಅವುಗಳ ಮೂಲೆಯನ್ನು ಬೆಂಚ್ ಗ್ರೈಂಡರ್‌ನಲ್ಲಿ ದುಂಡಗೆ ಮಾಡಿಕೊಂಡರೆ ಸಾಲದೆ? ತುದಿ ಅರ್ಧಗೋಳದಂತಿರುವ ಬಾಲ್ ನೋಸ್ ಕಟರ್ ನಡೆಯುತ್ತದೆಯೆ?

ಉತ್ತರ: ಬೆಂಚ್ ಗ್ರೈಂಡರ್‌ನ ಹೆಸರೆತ್ತಬೇಡಿ. ಟೂಲ್ ರೂಮ್‌ನಲ್ಲಿ ಕಟರ್ ಸಾಣೆಗೆಂದೇ ಕುಳಿತವನು ನಾನು. ಸಾಣೆಯ ಪರ ಮಾತನಾಡಬೇಕಾದವನು. ಆದರೂ ಹೇಳುತ್ತೇನೆ, ಈ ಜಾಬ್‌ಗೆ ಮೂಲೆಯಲ್ಲಿ 1 ಮಿ.ಮೀ. ರೇಡಿಯಸ್ ಇರುವ ಕಟರ್ ಕೊಂಡುಬಿಡಿ.

ಒಂದು ಮೂಲೆಯನ್ನು ಕೈಯಲ್ಲಿ ಹಿಡಿದು ದುಂಡಗೆ ಮಾಡುವುದು ಯಾರಿಗಾದರೂ ಬಂದೀತು. ನಾಲ್ಕನ್ನೂ ಒಂದೇ ಸಮಕ್ಕೆ ತರುವುದು ಕೈಗೆ ಬಗ್ಗುವ ಕೆಲಸವಲ್ಲ. ಹಲ್ಲಿಗೆ 0.05 ಮಿ.ಮೀ. ಫೀಡ್ (ಒಂದೊಂದು ಹಲ್ಲಿನ ಪಾಲಿಗೆ ಕಟರ್ ಮುಂದೆ ಸರಿಯುವ ದೂರ) ಕೊಟ್ಟಿದ್ದೀರಿ ಎಂದುಕೊಳ್ಳಿ. ಒಂದು ಹಲ್ಲು ಉಳಿದವುಗಳಿಗಿಂತ ಅಷ್ಟೇ, ಅಂದರೆ 0.05, ಮುಂದೆ ಚಾಚಿದ್ದರೂ ಸಾಕು: ಅದು 0.10 ಕೊರೆಯುತ್ತದೆ, ಅದರ ಹಿಂದೆ ಬರುವ ಹಲ್ಲಿಗೆ ಕೊರೆಯಲು ಏನೂ ಉಳಿದಿರುವುದಿಲ್ಲ. ಎರಡು ಹಲ್ಲಿನ ಭಾರ ಹೊತ್ತ ಆ ಮೂಲೆಯೇ ಮೊದಲು ಉದುರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ರಿಲೀಫ್‌ನದು. ಕೊರೆಯುವ ಅಂಚಿನ ಹಿಂದಿನ ಮೈ ಇಳಿಜಾರಾಗಿ ಸರಿದಿರಬೇಕು. ಪಕ್ಕದ ಅಂಚಿನಿಂದ ಹೊರಟು, ಮೂಲೆಯನ್ನು ಸುತ್ತಿ, ತಳದ ಅಂಚು ಸೇರುವವರೆಗೆ ಆ ಇಳಿಜಾರು ಎಲ್ಲೂ ಮಾಯವಾಗಬಾರದು. ಕೈಯಲ್ಲಿ ಉಜ್ಜಿದ ಮೂಲೆ ಮುಂದಿನಿಂದ ನೋಡಲು ಬಲು ಸೊಗಸು, ರೇಡಿಯಸ್ ಗೇಜಿಗೂ ಕೂತೀತು. ಹಲ್ಲಿನ ಹಿಮ್ಮಡಿ, ಅಂದರೆ ಆ ಮೈಯ ಹಿಂದಿನ ತುದಿ, ಮಾತ್ರ ಜಾಬ್‌ಗೆ ತಾಗುತ್ತಿರುತ್ತದೆ. ನಂಬಿಕೆ ಬಾರದಿದ್ದರೆ ಮೂಲೆಯ ಹಿಂಭಾಗಕ್ಕೆ ಮಾರ್ಕರ್ ಮಸಿ ಬಳಿದು, ಒಂದು ತೆಳು ಕಟ್ ತೆಗೆದು, ಭೂತಗನ್ನಡಿ ಹಿಡಿಯಿರಿ. ಮಸಿ ಹಿಮ್ಮಡಿಯವರೆಗೂ ಅಳಿಸಿದ್ದರೆ ಕಟರ್ ಕೊರೆಯುತ್ತಿಲ್ಲ, ಉಜ್ಜುತ್ತಿದೆ. ಬಿಸಿ, ಕಿರುಚು, ಗೋಡೆಯ ಬುಡದಲ್ಲಿ ಹೊಳೆಯುವ ಗೆರೆ, ಎಲ್ಲ ಅಲ್ಲಿಂದಲೇ.

ಮೂಲೆಯನ್ನು ದುಂಡಗೆ ತಿರುಗಿಸಿ ಸಾಣೆಗೆ ಒಡ್ಡುವ ರೇಡಿಯಸ್ ಅಟ್ಯಾಚ್‌ಮೆಂಟ್ ಇರುವ ಟೂಲ್ ಆಂಡ್ ಕಟರ್ ಗ್ರೈಂಡರ್ (ಕಟರ್ ಸಾಣೆಯ ಯಂತ್ರ) ಕೈಗೆ ಸಿಕ್ಕರೆ ಮಾತು ಬೇರೆ. ಸವೆದ ತುದಿಯನ್ನು ಮೊದಲು ಕತ್ತರಿಸಿ, ತಳದ ಹಲ್ಲುಗಳನ್ನು ಹೊಸದಾಗಿ ತೆಗೆಯಿರಿ. ಅಟ್ಯಾಚ್‌ಮೆಂಟ್ ತಿರುಗುವ ಕೇಂದ್ರ ಕಟರ್‌ನ ಪಕ್ಕದಿಂದಲೂ ತಳದಿಂದಲೂ ಸರಿಯಾಗಿ 1 ಮಿ.ಮೀ. ಒಳಗೆ ಬರಬೇಕು, ತಪ್ಪಿದರೆ ದುಂಡು ಪಕ್ಕಕ್ಕೆ ನಯವಾಗಿ ಬೆರೆಯದೆ ಮೆಟ್ಟಿಲು ಬೀಳುತ್ತದೆ. ಎಚ್‌ಎಸ್‌ಎಸ್‌ಗೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ವೀಲ್. ಡೈಮಂಡ್ ವೀಲನ್ನು ಎಚ್‌ಎಸ್‌ಎಸ್‌ಗಿಂತ ಗಡಸಾದ ಕಾರ್ಬೈಡ್ ಕಟರ್‌ಗೆ ಮೀಸಲಿಡಿ, ಉಕ್ಕಿನ ಮೇಲೆ ಅದು ಬೇಗ ಹಾಳಾಗುತ್ತದೆ. ಕಾರ್ಬೈಡ್ ದೂಳಿನಲ್ಲಿ ಕೋಬಾಲ್ಟ್ ಇರುತ್ತದೆ, ಉಸಿರಾಡಬಾರದು. ಬಿಸಿಯಾದ ಕಾರ್ಬೈಡನ್ನು ನೀರಿಗೆ ಅದ್ದಿದಿರೋ, ಕೂದಲೆಳೆಯ ಬಿರುಕು ಖಂಡಿತವೆನ್ನಬಹುದು.

ಇಷ್ಟೆಲ್ಲ 1 ಮಿ.ಮೀ.ಗಾಗಿ ಏಕೆ? ಆ ಅಳತೆ ಕ್ಯಾಟಲಾಗ್‌ಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಎಲ್ಲೂ ಸಿಗದ ವಿಚಿತ್ರ ಅಳತೆಗೆ ಸಾಣೆಯ ಶ್ರಮವನ್ನು ಉಳಿಸಿಕೊಳ್ಳಿ. ತರಿಸುವಾಗ ಚಿತ್ರ ನೋಡಿ ತರಿಸಿ: ಜಾಬ್‌ನ ಹೊರ ಅಂಚನ್ನು ದುಂಡಗೆ ಮಾಡುವ, ಮೂಲೆ ಒಳಕ್ಕೆ ತಗ್ಗಿರುವ ಕಟರ್ ಬೇರೆಯೇ ಇದೆ. ಅದು ಬಂದು ಕೈಸೇರಿದರೆ ನಿಮ್ಮ ಪಾಕೆಟ್‌ಗೆ ಏನೂ ಪ್ರಯೋಜನವಿಲ್ಲ.

ಹೊಸ ಕಟರ್‌ನ ತಳದಲ್ಲಿ ಚಪ್ಪಟೆ ಭಾಗ 8 ಮಿ.ಮೀ. ಮಾತ್ರ. ಪಕ್ಕಕ್ಕೆ ಸರಿಸುವಾಗ 7ಕ್ಕಿಂತ ಹೆಚ್ಚು ಹೋಗಬೇಡಿ, 8 ದಾಟಿದರೆ ತಳದಲ್ಲಿ ಏಣು ಉಳಿಯುತ್ತದೆ. ಪಾಕೆಟ್‌ನ ನಿಂತ ಮೂಲೆಗಳಲ್ಲಿ ಹೇಗಿದ್ದರೂ ಕನಿಷ್ಠ 5 ಮಿ.ಮೀ. ರೇಡಿಯಸ್ ಬರುತ್ತದೆ, ಅದು ಕಟರ್‌ನ ದಪ್ಪದಿಂದ ಬರುವುದು. ಡ್ರಾಯಿಂಗ್ ಅದಕ್ಕೆ ಒಪ್ಪುತ್ತದೆಯೇ ನೋಡಿಕೊಳ್ಳಿ.

ಬಾಲ್ ನೋಸ್ ಬೇಡ. 10 ಮಿ.ಮೀ.ನದು ಬುಡದಲ್ಲಿ 5 ಮಿ.ಮೀ. ರೇಡಿಯಸ್ ಬಿಡುತ್ತದೆ. 1 ಬೇಕಾದರೆ 2 ಮಿ.ಮೀ.ನ ಸಣಕಲು ಕಟರ್ ಹಿಡಿಯಬೇಕು. ಅದನ್ನು ಅರ್ಧರ್ಧ ಮಿಲಿಮೀಟರ್ ಸರಿಸಿದರೂ ತಳದಲ್ಲಿ ಸುಮಾರು 0.03 ಮಿ.ಮೀ. ಎತ್ತರದ ಏಣುಗಳು ಉಳಿಯುತ್ತವೆ. ಮೇಲಾಗಿ ಅದರ ನಡುತುದಿಯ ವೇಗ ಸೊನ್ನೆ. ಅಲ್ಲಿ ಲೋಹ ಕೊರೆಯುವುದಿಲ್ಲ, ಅರೆಯುತ್ತದೆ.

ಪ್ರಶ್ನೆ: ರೇಡಿಯಸ್ ಯಾರೂ ಕೇಳಿಲ್ಲ. ಆದರೂ ಕಾರ್ಬೈಡ್ ಎಂಡ್ ಮಿಲ್‌ನ ಚೂಪು ಮೂಲೆ ಪದೇ ಪದೇ ಉದುರುತ್ತದೆ. ಏನು ಮಾಡಲಿ?

ಉತ್ತರ: ಹೊಸ ಕಟರ್‌ನ ಪ್ರತಿ ಮೂಲೆಗೂ ನುಣುಪಾದ ಡೈಮಂಡ್ ಹ್ಯಾಂಡ್ ಲ್ಯಾಪ್‌ನಿಂದ (ಕೈಯಲ್ಲಿ ಹಿಡಿದು ಉಜ್ಜುವ ಸಾಣೆಪಟ್ಟಿ) ಹಗುರಾಗಿ ಎಣಿಸಿದಷ್ಟೇ ಸಲ ಎಳೆಯಿರಿ; ನಾಲ್ಕಕ್ಕೂ ಒಂದೇ ಎಣಿಕೆ, ಒಂದೇ ಒತ್ತಡ. ಚೂಪು ಮುರಿದರೆ ಸಾಕು, 0.1 ಮಿ.ಮೀ. ದಾಟಬೇಡಿ. ಇಲ್ಲಿ ಮಾತ್ರ ಕೈಕೆಲಸಕ್ಕೆ ನನ್ನ ಆಕ್ಷೇಪವಿಲ್ಲ. ಮುಂದಿನ ಸಲ ತರಿಸುವಾಗ 0.2 ಅಥವಾ 0.5 ರೇಡಿಯಸ್ ಇರುವುದನ್ನೇ ತರಿಸಿ.