ಪಬ್ ಇದ್ದ ಮನೆ, ಅದು ನಿಂತ ಬೀದಿ

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನಾವು ಬಾಡಿಗೆಗಿರುವ ಮನೆ ಹಿಂದೆ ಪಬ್ ಆಗಿತ್ತಂತೆ. ಅದರ ಮತ್ತು ಸುತ್ತಲಿನ ಬೀದಿಯ ಹಳೆಯ ಸ್ಥಿತಿ ತಿಳಿಯುವುದು ಹೇಗೆ?

ಉತ್ತರ: ಹೆಸರು ಹಿಡಿದು ಹುಡುಕಬೇಡಿ, ಜಾಗ ಹಿಡಿದು ಹುಡುಕಿ. ಪಬ್ಬಿನ ಹೆಸರು ಬದಲಾಗುತ್ತದೆ. ಕೆಲವೊಮ್ಮೆ ಅದೇ ಹೆಸರು ಎದುರು ಮನೆಗೆ ಹೋಗಿರುತ್ತದೆ. ಆದ್ದರಿಂದ ಮೊದಲು ನಕ್ಷೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ, ಮೈಲಿಗೆ 25 ಇಂಚಿನ ಅಳತೆಯ ಹಳೆಯ ಹಾಳೆಗಳನ್ನು ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಅವುಗಳಲ್ಲಿ ‘ಪಿ.ಎಚ್.’ ಎಂದರೆ ಪಬ್, ‘ಬಿ.ಎಚ್.’ ಎಂದರೆ ಬಿಯರ್ ಮನೆ, ಅಂದರೆ ಬಿಯರ್ ಮಾರಲಷ್ಟೇ ಪರವಾನಗಿ ಇದ್ದ ಮನೆ. ಕುಲುಮೆ, ಬಾವಿ, ಹಿತ್ತಿಲ ಕಟ್ಟಡ ಯಾವ ಹಾಳೆಯಲ್ಲಿವೆ, ಯಾವುದರಲ್ಲಿ ಮಾಯವಾಗಿವೆ ಎಂದು ಗುರುತು ಹಾಕಿಕೊಳ್ಳಿ. ಇನ್ನೂ ಹಿಂದಕ್ಕೆ ಹೋಗಲು 1836ರ ಕಾಯ್ದೆಯಿಂದ ಹುಟ್ಟಿದ ಟೈತ್ (ಚರ್ಚಿಗೆ ಸಲ್ಲುತ್ತಿದ್ದ ದಶಾಂಶ ತೆರಿಗೆ) ನಕ್ಷೆಗಳಿವೆ. ಪ್ರತಿ ತುಂಡು ನೆಲಕ್ಕೂ ನಂಬರ್, ಜೊತೆಗಿನ ಪಟ್ಟಿಯಲ್ಲಿ ಒಡೆಯ ಮತ್ತು ಅನುಭವದಾರ ಇಬ್ಬರ ಹೆಸರೂ ಇರುತ್ತದೆ. ಎಲ್ಲ ಊರಿಗೂ ಈ ನಕ್ಷೆ ಇಲ್ಲ.

ಆಮೇಲೆ ಜನಗಣತಿ, 1841ರಿಂದ 1921ರವರೆಗೆ ಹತ್ತು ವರ್ಷಕ್ಕೊಂದು. ಹೆಚ್ಚಿನವರು ಎಡವುವುದು ಇಲ್ಲೇ: 1851ರಿಂದ 1901ರವರೆಗಿನ ಗಣತಿಗಳಲ್ಲಿ ಮೊದಲ ಕಾಲಂನ ಸಂಖ್ಯೆ ಮನೆ ನಂಬರ್ ಅಲ್ಲ, ಗಣತಿ ನಮೂನೆಯ ಕ್ರಮಸಂಖ್ಯೆ. ಮನೆಯನ್ನು ಅಕ್ಕಪಕ್ಕದವರಿಂದಲೇ ಪತ್ತೆ ಮಾಡಬೇಕು. ಪಬ್ ನಡೆಸುವವನ ಕಸುಬು ‘ಕಮ್ಮಾರ’ ಅಥವಾ ‘ಬಡಗಿ’ ಎಂದಿದ್ದರೆ ಕೈಬಿಡಬೇಡಿ. ಹಳ್ಳಿಯಲ್ಲಿ ಬರೀ ಬಿಯರ್ ಮಾರಿ ಹೊಟ್ಟೆ ತುಂಬುತ್ತಿರಲಿಲ್ಲ. 1931ರ ಗಣತಿ ಬೆಂಕಿಗೆ ಆಹುತಿಯಾಗಿದೆ, 1941ರದ್ದು ನಡೆಯಲೇ ಇಲ್ಲ. ಆ ಖಾಲಿ ಜಾಗಕ್ಕೆ, ಯುದ್ಧ ಶುರುವಾದಾಗ ಮನೆಮನೆಯ ಜನರ ಹೆಸರು ಬರೆದುಕೊಂಡ 1939ರ ಸೆಪ್ಟೆಂಬರ್ ನೋಂದಣಿಯೇ ಆಧಾರ.

ಪ್ರಶ್ನೆ: ಕೌಂಟಿ (ಜಿಲ್ಲಾ) ದಾಖಲೆ ಕಚೇರಿಯ ಲೈಸೆನ್ಸ್ ಪುಸ್ತಕಗಳಲ್ಲಿ 1828ರ ನಂತರ ಪಬ್ಬಿನ ಸುಳಿವಿಲ್ಲ. ಮುಚ್ಚಿತ್ತೆಂದು ಅರ್ಥವೇ?

ಉತ್ತರ: ಅಲ್ಲ. 1753ರಿಂದ 1828ರವರೆಗೆ ಆ ಪುಸ್ತಕ ಇಡುವುದು ಕಡ್ಡಾಯವಾಗಿತ್ತು, ಆಮೇಲೆ ಇರಲಿಲ್ಲ. ಅದರ ಮೇಲೆ 1830ರ ಬಿಯರ್ ಮನೆ ಕಾಯ್ದೆ ಬಂತು. ತೆರಿಗೆ ಕಟ್ಟುವ ಮನೆಯವರು ಎರಡು ಗಿನಿ (ಒಂದು ಗಿನಿ ಎಂದರೆ 21 ಶಿಲಿಂಗ್) ಕೊಟ್ಟರೆ ಅಬಕಾರಿಯವರಿಂದಲೇ ಪರವಾನಗಿ ಸಿಗುತ್ತಿತ್ತು, ಮ್ಯಾಜಿಸ್ಟ್ರೇಟರ ಒಪ್ಪಿಗೆ ಬೇಕಿರಲಿಲ್ಲ. ಬೀದಿಯ ಮುಂಗೋಣೆಗಳು ಬಿಯರ್ ಮನೆಗಳಾದದ್ದು ಹೀಗೆ. 1869ರಲ್ಲಿ ಅಧಿಕಾರ ಮತ್ತೆ ಮ್ಯಾಜಿಸ್ಟ್ರೇಟರಿಗೆ ಬಂತು. 1872ರ ನಂತರದ ಪುಸ್ತಕಗಳನ್ನು ಕೇಳಿ ನೋಡಿ. 1904ರ ನಂತರ ಹೆಸರು ಕಾಣದೆ ಹೋದರೆ ಪರಿಹಾರದ ಕಡತ ಕೇಳಲೇಬೇಕು: ಆ ವರ್ಷದ ಕಾಯ್ದೆಯಡಿ ‘ಹೆಚ್ಚುವರಿ’ ಎನಿಸಿದ ಪಬ್‌ಗಳನ್ನು ಹಣ ಕೊಟ್ಟು ಮುಚ್ಚಿಸಲಾಯಿತು.

ಪ್ರಶ್ನೆ: ಒಳಗಿನ ಕೋಣೆಗಳು ಹೇಗಿದ್ದವು ಎಂದು ತಿಳಿಯಬಹುದೇ?

ಉತ್ತರ: 1910ರ ಭೂಮೌಲ್ಯ ಸಮೀಕ್ಷೆ ನೋಡಿ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಮೊದಲು ಸಮೀಕ್ಷೆಯ ನಕ್ಷೆಯಿಂದ ನಿಮ್ಮ ಮನೆಯ ನಂಬರ್ ತೆಗೆದುಕೊಂಡು, ಆಮೇಲೆ ‘ಐಆರ್ 58’ ಶ್ರೇಣಿಯ ಪುಸ್ತಕ ತರಿಸಿಕೊಳ್ಳಿ. ನಂಬರ್ ಇಲ್ಲದೆ ಹೋದರೆ ದಿನ ವ್ಯರ್ಥ. ಬಾರ್, ನೆಲಮಾಳಿಗೆ, ಲಾಯಗಳ ವಿವರ ಹಲವು ಪುಸ್ತಕಗಳಲ್ಲಿದೆ. ಸೌತಾಂಪ್ಟನ್, ಪೋರ್ಟ್ಸ್‌ಮತ್ ಸುತ್ತಲಿನ ಬಹಳಷ್ಟು ಪುಸ್ತಕಗಳು ಎರಡನೆಯ ಮಹಾಯುದ್ಧದಲ್ಲಿ ನಾಶವಾಗಿವೆ.